ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಗ್ಲೆಂಡಿನ ದೊಡ್ಡ ಮನೆ, ಮಗ್ಗುಲಿನ ಚರ್ಚ್

ಮಕ್ಕಳು ಇಂಗ್ಲೆಂಡಿನಲ್ಲಿ ಓದುತ್ತಲೋ ಕೆಲಸದಲ್ಲೋ ಇರುವ ಮನೆಗಳಿಂದ ಈ ಸಲ ಹೆಚ್ಚು ಪತ್ರ ಬಂದಿವೆ. ಅಲ್ಲಿಗೆ ಹೊರಟವರು ಲಂಡನ್ ಬಿಟ್ಟು ಹಳ್ಳಿ ಕಡೆಯ ಸ್ಟೇಟ್ಲಿ ಹೋಮ್‌ಗಳನ್ನು, ಅಂದರೆ ಹಳೆಯ ಜಮೀನ್ದಾರಿ ಮನೆತನಗಳ ಅರಮನೆಯಂಥ ಬಂಗಲೆಗಳನ್ನು ನೋಡುವ ಬಗ್ಗೆ ಕೇಳಿದ್ದಾರೆ. ಎಲ್ಲರಿಗೂ ಸೇರಿಸಿ ಮೊದಲೇ ಒಂದು ಮಾತು ಹೇಳುತ್ತೇವೆ. ಮನೆ ನೋಡಿ, ಅದರ ಮಗ್ಗುಲಿನ ಪ್ಯಾರಿಷ್ ಚರ್ಚ್ ನೋಡದೆ ಬಂದರೆ ಅರ್ಧ ನೋಡಿದ ಲೆಕ್ಕ. ಮನೆಯೊಳಗಿರುವುದು ಆ ಕುಟುಂಬ ಬಂದವರಿಗೆ ತೋರಿಸಲೆಂದೇ ಇಟ್ಟದ್ದು. ಯಾರು ಯಾರನ್ನು ಮದುವೆಯಾದರು, ಎಷ್ಟು ಮಕ್ಕಳು ಎಳವೆಯಲ್ಲೇ ತೀರಿಕೊಂಡರು, ವಂಶ ಎಲ್ಲಿ ಕವಲೊಡೆಯಿತು ಎಂಬುದೆಲ್ಲ ಚರ್ಚಿನ ಗೋಡೆಯಲ್ಲೂ ನೆಲದಲ್ಲೂ ಇದೆ.

ಮಗ ಡರ್ಬಿಯಲ್ಲಿ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ಹೋಗುತ್ತೇವೆ. ಒಂದೇ ಒಂದು ಮನೆ ನೋಡುವುದಾದರೆ ಯಾವುದು ನೋಡಬೇಕು? ಒಂದು ದಿನ ಸಾಕೇ?
— ಕದ್ರಿಯ ಓದುಗರು, ಮಂಗಳೂರು

ಡರ್ಬಿಯಲ್ಲೇ ಇದ್ದೀರಿ ಅಂದಮೇಲೆ ಎರಡನೇ ಮಾತೇ ಬೇಡ, ಕೆಡಲ್‌ಸ್ಟನ್ ಹಾಲ್. ಊರಿನಿಂದ ಸುಮಾರು 8 ಕಿ.ಮೀ. ದೂರ. ಒಂದು ದಿನ ಧಾರಾಳ ಸಾಕು.

ಇದು ಕರ್ಜನ್ ಮನೆತನದ್ದು, 1899ರಿಂದ 1905ರವರೆಗೆ ನಮ್ಮಲ್ಲಿ ವೈಸ್‌ರಾಯ್ ಆಗಿದ್ದ, ಬಂಗಾಳ ಒಡೆದ ಅದೇ ಲಾರ್ಡ್ ಕರ್ಜನ್. ಈಗಿನ ಕಟ್ಟಡವನ್ನು ಶುರು ಮಾಡಿಸಿದ್ದು 1759ರಲ್ಲಿ, ಅವರ ಪೂರ್ವಜ ನೆಥೇನಿಯಲ್ ಕರ್ಜನ್. ಮೊದಲು ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್, ಆಮೇಲೆ ಜೇಮ್ಸ್ ಪೇನ್, ಕೊನೆಗೆ ರಾಬರ್ಟ್ ಆಡಮ್, ಹೀಗೆ ವಾಸ್ತುಶಿಲ್ಪಿಗಳು ಬದಲಾಗುತ್ತ ಹೋದರು. ಅದರ ಗುರುತು ಕಟ್ಟಡದ ಮೇಲೆ ಈಗಲೂ ಇದೆ. ನೀವು ಬರುವ ದಾರಿಗೆ ಕಾಣುವ ಉತ್ತರದ ಮುಖ ಪೇನ್‌ನದು, ಹಿಂದಿನ ದಕ್ಷಿಣದ ಮುಖ ಆಡಮ್‌ನದು. ರೋಮ್‌ನ ಕಾನ್‌ಸ್ಟಂಟೈನ್ ಕಮಾನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹೆಚ್ಚಿನವರು ಮುಂದಿನಿಂದ ಫೋಟೊ ತೆಗೆದು ಒಳಗೆ ಹೋಗಿಬಿಡುತ್ತಾರೆ. ಹಿಂದಕ್ಕೆ ಹತ್ತು ನಿಮಿಷ ನಡೆದು ಬನ್ನಿ, ಎರಡು ಕಟ್ಟಡ ನೋಡಿದ ಹಾಗಾಗುತ್ತದೆ.

ಒಳಗೆ ಮೊದಲು ಸಿಗುವುದು ಮಾರ್ಬಲ್ ಹಾಲ್. 20 ಕಂಬಗಳು, ಒಂದೊಂದೂ ಸುಮಾರು 25 ಅಡಿ ಎತ್ತರ. ಹೆಸರು ಮಾರ್ಬಲ್ ಎಂದಿದ್ದರೂ ಕಂಬಗಳು ಅಲಬಾಸ್ಟರ್ ಕಲ್ಲಿನವು, ನಸುಗೆಂಪು ರೇಖೆ ಓಡಿದ ಮೆದು ಕಲ್ಲು. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಚರ್ಚಿನ ವಿಷಯ ಬಂದಾಗ ಮತ್ತೆ ಬರುತ್ತದೆ. ಅದರಾಚೆ 62 ಅಡಿ ಎತ್ತರದ ಗುಮ್ಮಟದ ದುಂಡು ಕೋಣೆ. ಇಷ್ಟೆಲ್ಲ ಕಟ್ಟಿ ಮನೆಯವರು ಅಲ್ಲಿ ವಾಸ ಮಾಡುತ್ತಿರಲಿಲ್ಲ. ನಡುವಿನ ದೊಡ್ಡ ಭಾಗ ಅತಿಥಿಗಳಿಗೆ ತೋರಿಸಲಿಕ್ಕೆ, ಸಂಸಾರ ಒಂದು ಪಕ್ಕದ ಕಟ್ಟಡದಲ್ಲಿ, ಅಡುಗೆ ಇನ್ನೊಂದು ಪಕ್ಕದ ಕಟ್ಟಡದಲ್ಲಿ.

ಮೂಲ ನಕ್ಷೆಯಲ್ಲಿ ಇಂಥ ಪಕ್ಕದ ಕಟ್ಟಡ ನಾಲ್ಕು ಇದ್ದವು, ಕಟ್ಟಿದ್ದು ಎರಡು ಮಾತ್ರ. ನಾಲ್ಕನ್ನೂ ಕಟ್ಟಿದ್ದು ಕೋಲ್ಕತ್ತದಲ್ಲಿ! ಶ್ರೀರಂಗಪಟ್ಟಣ ಬಿದ್ದು ನಮ್ಮ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಸರಕಾರಿ ನಿವಾಸ ಕಟ್ಟಿಸಲು ತೊಡಗಿದರು. ಮಾದರಿ ಕೆಡಲ್‌ಸ್ಟನ್. 1803ಕ್ಕೆ ಮುಗಿಯಿತು, ಅದೇ ಈಗಿನ ರಾಜ್ಯಪಾಲರ ನಿವಾಸ. ಸುಮಾರು ನೂರು ವರ್ಷದ ಮೇಲೆ ಕರ್ಜನ್ ವೈಸ್‌ರಾಯ್ ಆಗಿ ಬಂದು ಇಳಿದದ್ದು ತಮ್ಮ ಮನೆಯದೇ ನಕಲಿನೊಳಗೆ.

ಭಾರತದಿಂದ ಅವರು ಒಯ್ದ ವಸ್ತುಗಳ ಸಂಗ್ರಹ ಇಲ್ಲಿದೆ. 1903ರ ದೆಹಲಿ ದರ್ಬಾರಿಗೆ ಅವರ ಪತ್ನಿ ಮೇರಿ ತೊಟ್ಟ ನವಿಲಿನ ಉಡುಪೂ ಈ ಮನೆಯದ್ದೇ. ಬಟ್ಟೆಗೆ ಲೋಹದ ಜರಿ ಕಸೂತಿ ಮಾಡಿದ್ದು ನಮ್ಮ ದೇಶದ ಕುಶಲಕರ್ಮಿಗಳು, ಹೊಲಿದದ್ದು ಪ್ಯಾರಿಸ್‌ನಲ್ಲಿ. ಒಂದೊಂದು ಗರಿಯ ಕಣ್ಣಿಗೂ ಹಸಿರು ಮಿಂಚುವ ಜೀರುಂಡೆಯ ರೆಕ್ಕೆಯ ಚಿಪ್ಪು. ತೂಕ ಸುಮಾರು ನಾಲ್ಕೂವರೆ ಕಿಲೋ. ಹಳೆಯ ಬಟ್ಟೆಯನ್ನು ಆಗಾಗ ಬೆಳಕಿನಿಂದ ತೆಗೆದು ಒಳಗಿಡುವ ಪದ್ಧತಿ ಇರುವುದರಿಂದ, ಅದನ್ನೇ ನೋಡಬೇಕೆಂದಿದ್ದರೆ ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ಇನ್ನು ಚರ್ಚ್. ಹೊಸ ಮನೆಗೆ ದೃಶ್ಯ ಚೆನ್ನಾಗಿರಬೇಕೆಂದು ಇಡೀ ಹಳ್ಳಿಯನ್ನೂ ರಸ್ತೆಯನ್ನೂ ದೂರಕ್ಕೆ ಸರಿಸಿದರು. ಆಲ್ ಸೇಂಟ್ಸ್ ಚರ್ಚನ್ನು ಮಾತ್ರ ಇದ್ದಲ್ಲೇ ಬಿಟ್ಟರು. ಹಾಗಾಗಿ ಅದು ಈಗ ಬಂಗಲೆಗೆ ಒತ್ತಿಕೊಂಡು ಒಂಟಿಯಾಗಿ ನಿಂತಿದೆ. ದಕ್ಷಿಣದ ಬಾಗಿಲು 12ನೇ ಶತಮಾನದ್ದು, ಉಳಿದ ಬಹುಭಾಗ 13ನೆಯದ್ದು. ಉತ್ತರದ ಅಂಕಣ ಮಾತ್ರ ತೀರ ಹೊಸತು. ಮೇರಿ 1906ರಲ್ಲಿ ತೀರಿಕೊಂಡಾಗ ಕರ್ಜನ್ ಅದನ್ನು ಸ್ಮಾರಕವಾಗಿ ಕಟ್ಟಿಸಿದರು. ವಾಸ್ತುಶಿಲ್ಪಿ ಬಾಡ್ಲಿ. ಬಿಳಿ ಅಮೃತಶಿಲೆಯಲ್ಲಿ ಮಲಗಿದ ಇಬ್ಬರ ಶಿಲ್ಪ ಬರ್ಟ್ರಮ್ ಮೆಕೆನಲ್ ಅವರದು. ಕರ್ಜನ್ 1925ರಲ್ಲಿ ತೀರಿಕೊಂಡು ಅಲ್ಲೇ ಸೇರಿದರು.

ಎಡವಟ್ಟಾಗುವುದು ಇಲ್ಲೇ. ಮನೆ ಈಗ ಹಳೆಯ ಮನೆಗಳನ್ನು ಕಾಪಾಡುವ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನದು, ಚರ್ಚ್ ನೋಡಿಕೊಳ್ಳುವುದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್. ಎರಡು ಸಂಸ್ಥೆ, ಎರಡು ವೇಳಾಪಟ್ಟಿ. ಮನೆ ತೆರೆದಿದೆ ಎಂದು ಹೋದವರಿಗೆ ಚರ್ಚಿನ ಬೀಗ ಎದುರಾಗುತ್ತದೆ. ಆದ್ದರಿಂದ ಮೊದಲು ಚರ್ಚ್ ತೆರೆಯುವ ದಿನ, ವೇಳೆ ನೋಡಿ, ಅದಕ್ಕೆ ಹೊಂದಿಸಿ ಮನೆಯ ಟಿಕೆಟ್ ಮಾಡಿ. ಚರ್ಚಿಗೆ ಪ್ರವೇಶ ಉಚಿತ.

ಬಸ್ಸನ್ನು ನಂಬಬೇಡಿ. ಮಗನಿಗೆ ಕಾರಿಲ್ಲದಿದ್ದರೆ ಟ್ಯಾಕ್ಸಿ ಮಾಡಿ, ಹಿಂದಿರುಗುವ ಟ್ಯಾಕ್ಸಿಯನ್ನೂ ಹೋಗುವಾಗಲೇ ಗೊತ್ತು ಮಾಡಿ. ಇಂಥ ಎಸ್ಟೇಟುಗಳ ನಡುವೆ ಮೊಬೈಲ್ ಸಿಗ್ನಲ್ ಕೈಕೊಡುವುದು ಮಾಮೂಲು. ಕಾರಿನಲ್ಲಿ ಹೋಗುವವರು ಕೊನೆಯ ಎರಡು-ಮೂರು ಕಿ.ಮೀ. ಫೋನಿನ ಮ್ಯಾಪ್ ಬಿಟ್ಟು ರಸ್ತೆಬದಿಯ ಕಂದು ಬಣ್ಣದ ಫಲಕ ಅನುಸರಿಸಿ. ಮ್ಯಾಪ್ ಕೆಲವೊಮ್ಮೆ ಹಿಂದಿನ ಗೇಟಿಗೆ, ಅಂದರೆ ಕೆಲಸದವರು ಬಳಸುವ ಮುಚ್ಚಿದ ಗೇಟಿಗೆ ಕರೆದೊಯ್ಯುತ್ತದೆ.

ನಮ್ಮ ಗುತ್ತಿನ ಮನೆ, ಅದಕ್ಕೆ ಹೊಂದಿದ ದೈವಸ್ಥಾನ ಇದ್ದ ಹಾಗೆಯೇ ಇದೂ? ಈಗ ಆ ಮನೆಗಳಲ್ಲಿ ಯಾರಿದ್ದಾರೆ? ಟಿಕೆಟ್ ಇಟ್ಟು ತೋರಿಸುವ ಗತಿ ಯಾಕೆ ಬಂತು?
— ಮೂಡುಬಿದಿರೆಯ ಓದುಗರು

ಒಂದು ಹಂತದವರೆಗೆ ಹೋಲಿಕೆ ಸರಿ. ಗುತ್ತಿನ ಯಜಮಾನರಿಗೆ ದೈವಸ್ಥಾನದಲ್ಲಿ, ಆನುವಂಶಿಕ ಮೊಕ್ತೇಸರರಿಗೆ ದೇವಸ್ಥಾನದಲ್ಲಿ ಇರುವಂತೆ ಅಲ್ಲಿನ ದೊಡ್ಡ ಮನೆಗೂ ಊರ ಚರ್ಚಿನಲ್ಲಿ ಹಕ್ಕು ಇತ್ತು. ಪಾದ್ರಿ ಯಾರಾಗಬೇಕೆಂದು ಹೆಸರು ಸೂಚಿಸುವ ಹಕ್ಕು ಎಷ್ಟೋ ಮನೆತನಗಳಲ್ಲಿ ಆಸ್ತಿಯಂತೆಯೇ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು, ಮಾರಾಟವೂ ಆಗುತ್ತಿತ್ತು. ಹಿರಿಮಗನಿಗೆ ಎಸ್ಟೇಟು, ಕಿರಿಯವನಿಗೆ ಅದೇ ಊರಿನ ಪಾದ್ರಿ ಹುದ್ದೆ ಎಂಬುದು ತೀರ ಸಾಮಾನ್ಯ ಏರ್ಪಾಡಾಗಿತ್ತು.

ಅಳಿಯಸಂತಾನದ ಊರಿನವರಾದ ನಮಗೆ ವ್ಯತ್ಯಾಸ ಕಾಣುವುದು ಹಿರಿಮಗನ ವಿಷಯದಲ್ಲಿ. ಅಲ್ಲಿ ಆಸ್ತಿ ಪಾಲಾಗುತ್ತಿರಲಿಲ್ಲ, ಮನೆ, ಭೂಮಿ, ಚಿತ್ರಪಟ, ಬೆಳ್ಳಿ ಎಲ್ಲ ಹಿಡಿಯಾಗಿ ಒಬ್ಬನಿಗೆ. ಐನೂರು ವರ್ಷದ ಸಾಮಾನು ಒಂದೇ ಮನೆಯಲ್ಲಿ ಉಳಿದಿರುವ ಗುಟ್ಟು ಅದು.

ಹೊಡೆತ ಬಿದ್ದದ್ದು ತೆರಿಗೆಯಿಂದ. ಯಜಮಾನ ಸತ್ತರೆ ಎಸ್ಟೇಟಿನ ಮೇಲೆ ತೆರಿಗೆ ಎಂದು 1894ರಲ್ಲಿ ಶುರುವಾದದ್ದು ಎರಡನೇ ಮಹಾಯುದ್ಧದ ನಂತರ ಅತಿ ದೊಡ್ಡ ಆಸ್ತಿಗಳಿಗೆ ಶೇಕಡಾ 80ಕ್ಕೆ ಮುಟ್ಟಿತು. ನೂರಾರು ಮನೆಗಳನ್ನು ಕೆಡವಿ ಮರ, ಕಲ್ಲು ಮಾರಿದರು. 1950ರಲ್ಲಿ ಡೆವನ್‌ಶೈರ್‌ನ 10ನೇ ಡ್ಯೂಕ್ ತೀರಿಕೊಂಡಾಗ, ಕುಟುಂಬ ಚಾಟ್ಸ್‌ವರ್ತ್ ಉಳಿಸಿಕೊಳ್ಳಲು ತಮ್ಮ ಇನ್ನೊಂದು ಮನೆಯಾದ ಹಾರ್ಡ್‌ವಿಕ್ ಹಾಲನ್ನೇ ತೆರಿಗೆಯ ಬದಲಿಗೆ ಕೊಟ್ಟಿತು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಸೇರಿತು. ಕೆಡವಿದ ಮನೆಗಳ ಲೆಕ್ಕವನ್ನು ಜನರ ಕಣ್ಣಿಗೆ ತಂದ ಪ್ರದರ್ಶನವೊಂದು ಲಂಡನ್ನಿನಲ್ಲಿ ನಡೆದದ್ದು 1974ರಲ್ಲಿ. ನಮ್ಮ ಭೂಸುಧಾರಣೆ ತಿದ್ದುಪಡಿ ಗೇಣಿ ಭೂಮಿಯನ್ನು ಒಕ್ಕಲುಗಳಿಗೆ ಕೊಟ್ಟ ವರ್ಷವೂ ಅದೇ.

ಈಗ ಮೂರು ಬಗೆ. ನ್ಯಾಷನಲ್ ಟ್ರಸ್ಟ್‌ಗೆ ಹೋದವು ಒಂದು, ಕೆಲವುಗಳ ಒಂದು ಮೂಲೆಯಲ್ಲಿ ಹಳೆಯ ಕುಟುಂಬ ಈಗಲೂ ಇದೆ. ಚಾಟ್ಸ್‌ವರ್ತ್‌ನಂತೆ ಧರ್ಮದತ್ತಿ ಟ್ರಸ್ಟ್ ಮಾಡಿಕೊಂಡು ತಾವೇ ನಡೆಸುವವು ಇನ್ನೊಂದು. ಮೂರನೆಯದು ಪೂರ್ತಿ ಖಾಸಗಿ. ಬೆಲೆಬಾಳುವ ವಸ್ತುಗಳನ್ನು ಜನರಿಗೆ ತೋರಿಸುತ್ತೇವೆ ಎಂಬ ಷರತ್ತಿಗೆ ಒಪ್ಪಿ ತೆರಿಗೆ ವಿನಾಯಿತಿ ಪಡೆದವರು ವರ್ಷಕ್ಕೆ ಕೆಲವೇ ದಿನ ಬಾಗಿಲು ತೆರೆಯುತ್ತಾರೆ. ಮೂರನೆಯ ಬಗೆ ನೋಡುವ ಮಜಾ ಬೇರೆ. ಜನಜಂಗುಳಿ ಇಲ್ಲ, ಕೆಲವೊಮ್ಮೆ ಮನೆಯವರೇ ತೋರಿಸುತ್ತಾರೆ. ಆದರೆ ದಿನಾಂಕ ಮೊದಲೇ ಹುಡುಕಿ ಕಾದಿರಿಸಬೇಕು.

ಹಳ್ಳಿ ಚರ್ಚಿಗೆ ಹೋದರೆ ಅರ್ಧ ಗಂಟೆ ಏನು ನೋಡುವುದು? ನಮಗೆ ಸೇಂಟ್ ಅಲೋಶಿಯಸ್ ಚಾಪೆಲ್‌ನ ಚಿತ್ರಗಳೇ ಕಣ್ಣಿಗೆ ಕಟ್ಟಿದಂತಿವೆ. ಅಲ್ಲಿ ಗೋಡೆ ಬರೀ ಬಿಳಿ ಅಂತಾರಲ್ಲ?
— ಮಣಿಪಾಲದ ಓದುಗರು

ಗೋಡೆ ಬಿಳಿ ಇರುವುದು ನಿಜ. 16ನೇ ಶತಮಾನದಲ್ಲಿ ಇಂಗ್ಲೆಂಡ್ ರೋಮ್‌ನಿಂದ ಬೇರೆಯಾದ ಮೇಲೆ ಹಳೆಯ ಚಿತ್ರಗಳ ಮೇಲೆ ಸುಣ್ಣ ಬಳಿದರು. ಕೆಲವು ಕಡೆ ಸುಣ್ಣ ಕೆರೆದಾಗ ಕೆಂಪು ಗೆರೆಯ ತುಣುಕು ಈಗಲೂ ಇಣುಕುತ್ತದೆ. ಬಣ್ಣ ಹುಡುಕಿಕೊಂಡು ಹೋದರೆ ನಿರಾಸೆ. ಕಲ್ಲು, ಮರ, ಅಕ್ಷರ ಓದಲು ಹೋಗಿ.

ಪ್ರವೇಶ ಸಾಮಾನ್ಯವಾಗಿ ದಕ್ಷಿಣದ ಜಗಲಿಯಿಂದ. ಬಾಗಿಲ ಹತ್ತಿರವೇ ಪಶ್ಚಿಮದ ತುದಿಯಲ್ಲಿ ಜ್ಞಾನಸ್ನಾನದ ಕಲ್ಲಿನ ತೊಟ್ಟಿ. ಎಷ್ಟೋ ಕಡೆ ಇಡೀ ಚರ್ಚಿನಲ್ಲಿ ಅತಿ ಹಳೆಯದು ಅದೇ. ಅಲ್ಲಿಂದ ಪೂರ್ವಕ್ಕೆ ಮುಖ ಮಾಡಿ ನಡೆಯಿರಿ. ಜನ ಕೂರುವ ಉದ್ದನೆಯ ಅಂಕಣ ಮೊದಲು, ಕಮಾನು ದಾಟಿದರೆ ಬಲಿಪೀಠದ ಭಾಗ. ಹಿಂದೆ ಜನರ ಅಂಕಣದ ರಿಪೇರಿ ಊರವರ ತಲೆಗೆ, ಬಲಿಪೀಠದ ಭಾಗದ ರಿಪೇರಿ ಚರ್ಚಿನ ಆದಾಯ ಪಡೆಯುವವರ ತಲೆಗೆ. ಆ ಆದಾಯ ಎಷ್ಟೋ ಊರುಗಳಲ್ಲಿ ದೊಡ್ಡ ಮನೆಗೆ ಸೇರುತ್ತಿತ್ತು. ಜಮೀನ್ದಾರರ ಗೋರಿಗಳೆಲ್ಲ ಬಲಿಪೀಠದ ಸುತ್ತ ಒತ್ತಾಗಿರುವುದಕ್ಕೆ ಭಕ್ತಿ ಒಂದೇ ಕಾರಣವಲ್ಲ.

ಗೋರಿಯ ಬದಿಯಲ್ಲಿ ಸಾಲಾಗಿ ಮಂಡಿಯೂರಿದ ಪುಟ್ಟ ಮಕ್ಕಳ ಶಿಲ್ಪ ಇದ್ದರೆ ಎಣಿಸಿ. ಕೈಯಲ್ಲಿ ತಲೆಬುರುಡೆ ಹಿಡಿದವರು ತಂದೆತಾಯಿಗಿಂತ ಮೊದಲೇ ತೀರಿಕೊಂಡವರು. ಕಾಲ ಮೇಲೆ ಕಾಲು ಹಾಕಿ ಮಲಗಿದ ಯೋಧನನ್ನು ತೋರಿಸಿ ಈತ ಕ್ರೂಸೇಡ್ ಎಂಬ ಧರ್ಮಯುದ್ಧಕ್ಕೆ ಹೋಗಿ ಬಂದವನು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಆ ಕಾಲದ ಶಿಲ್ಪದ ಶೈಲಿ ಅಷ್ಟೇ.

ಇನ್ನು, ಗೋಡೆಯ ಮೇಲೆ ವಜ್ರಾಕಾರಕ್ಕೆ ತಿರುಗಿಸಿ ತೂಗಿಸಿದ ಚೌಕ ಹಲಗೆಗಳನ್ನು ಮಾತ್ರ ಬಿಡಬೇಡಿ. ಹ್ಯಾಚ್‌ಮೆಂಟ್ ಎನ್ನುತ್ತಾರೆ. ಮನೆಯಲ್ಲಿ ಸಾವಾದರೆ ಮನೆತನದ ಲಾಂಛನ ಬರೆದ ಈ ಹಲಗೆಯನ್ನು ಬಂಗಲೆಯ ಮುಂಬಾಗಿಲ ಮೇಲೆ ತೂಗುಹಾಕುತ್ತಿದ್ದರು. ಸೂತಕದ ತಿಂಗಳುಗಳು ಕಳೆದ ಮೇಲೆ ಅದು ಚರ್ಚಿಗೆ ಬರುತ್ತಿತ್ತು. ಓದುವ ಕ್ರಮ ಸುಲಭ, ಲಾಂಛನದ ಹಿಂದಿನ ಬಣ್ಣ ನೋಡಬೇಕು. ನೋಡುವವರ ಎಡಗಡೆ ಅರ್ಧ ಕಪ್ಪು, ಬಲ ಅರ್ಧ ಬಿಳಿ ಇದ್ದರೆ ಗಂಡ ತೀರಿಕೊಂಡಿದ್ದಾನೆ, ಹೆಂಡತಿ ಬದುಕಿದ್ದಾಳೆ. ತಿರುಗಿಸಿ ಇದ್ದರೆ ಹೆಂಡತಿ ಹೋದದ್ದು. ಪೂರ್ತಿ ಕಪ್ಪಾದರೆ ಸತ್ತವರು ಅವಿವಾಹಿತರು, ಇಲ್ಲವೇ ಸಂಗಾತಿಯನ್ನು ಮೊದಲೇ ಕಳೆದುಕೊಂಡವರು. ಇಷ್ಟು ಗೊತ್ತಿದ್ದರೆ ಇಂಗ್ಲಿಷ್ ಬಾರದ ಹಿರಿಯರೂ ಆ ಗೋಡೆ ಓದಬಹುದು.

ಮುಟ್ಟಬೇಡಿ ಎನ್ನುವ ಎರಡು ವಸ್ತು ಇವೆ. ಒಂದು ಅಲಬಾಸ್ಟರ್. ಡರ್ಬಿಶೈರ್, ನಾಟಿಂಗ್‌ಹ್ಯಾಮ್‌ಶೈರ್ ಕಡೆಯ ಗೋರಿಗಳೆಲ್ಲ ಹೆಚ್ಚಾಗಿ ಇದರದ್ದೇ. ಇದು ಜಿಪ್ಸಮ್, ಉಗುರಿನಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆದು, ನೀರಿಗೂ ನಿಧಾನವಾಗಿ ಕರಗುತ್ತದೆ. ಬೆವರಿನ ಕೈ ನೂರು ಸಲ ಆಡಿದರೆ ಮೂಗು ಮುಖ ಸವೆದುಹೋಗುತ್ತದೆ, ಹೋಗಿಯೂ ಇದೆ. ಎರಡನೆಯದು ಗಂಟೆಯ ಹಗ್ಗ. ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು, ಒಳಗೆ ಕಾಲಿಟ್ಟ ಕೂಡಲೇ ಗಂಟೆ ಬಾರಿಸುವುದು ನಮ್ಮ ಕೈಗೆ ಅಭ್ಯಾಸ. ಇಂಗ್ಲಿಷ್ ಚರ್ಚಿನ ಗಂಟೆ ದೊಡ್ಡ ಚಕ್ರಕ್ಕೆ ಕಟ್ಟಿದ್ದು, ಪೂರ್ತಿ ಸುತ್ತು ತಿರುಗುತ್ತದೆ. ಕೆಲವೊಮ್ಮೆ ಬಾಯಿ ಮೇಲೆ ಮಾಡಿ ನಿಲ್ಲಿಸಿಟ್ಟಿರುತ್ತಾರೆ. ಉಣ್ಣೆ ಸುತ್ತಿದ ಹಿಡಿಯನ್ನು ಎಳೆದಿರೋ, ಅರ್ಧ ಟನ್ ಲೋಹ ಮಗುಚಿ ತಿರುಗುತ್ತದೆ, ಹಗ್ಗ ಬಿಡದವರನ್ನು ನೆಲದಿಂದ ಎತ್ತಿಬಿಡುತ್ತದೆ. ಮಕ್ಕಳ ಕೈ ಹಿಡಿದುಕೊಂಡೇ ಇರಿ.

ಗೋರಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರೆ ಬೇಸರಿಸಬೇಡಿ. ಮಾಡಿನಲ್ಲಿ ಬಾವಲಿ ಇದೆ ಎಂದರ್ಥ. ಅವಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ ಓಡಿಸುವಂತಿಲ್ಲ, ಅವುಗಳ ಮೂತ್ರಕ್ಕೆ ಹಿತ್ತಾಳೆಯೂ ಕಲ್ಲೂ ಹಾಳಾಗುತ್ತವೆ.

ಬೀಗ ಇದ್ದರೆ ಬಾಗಿಲ ಬಳಿಯ ನೋಟಿಸು ಓದಿ. ಕೀ ಯಾವ ಮನೆಯಲ್ಲಿದೆ ಎಂದು ಬರೆದಿರುತ್ತದೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಹೊರಡುವಾಗ ಬಾಗಿಲು ಎಳೆದು ಹಾಕಿ. ತೆರೆದಿಟ್ಟರೆ ಹಕ್ಕಿ ಒಳಹೊಕ್ಕು ಹೊರಬರಲಾರದೆ ಸಾಯುತ್ತದೆ.

ಚಪ್ಪಲಿ ಎಲ್ಲಿ ಬಿಡುವುದು? ಪೂಜೆ ನಡೆಯುವಾಗ ಹಿಂದೂಗಳು ಕೂರಬಹುದೇ?
— ಕಾಪುವಿನ ಓದುಗರು

ಬಿಡುವ ಕ್ರಮ ಇಲ್ಲ. ನೆಲದ ಕಲ್ಲು ಮಂಜುಗಡ್ಡೆ, ಬಿಟ್ಟರೆ ಶೀತವೇ ಗತಿ. ಕೆಸರು ಮಾತ್ರ ಹೊರಗಿನ ಕಬ್ಬಿಣದ ಪಟ್ಟಿಗೆ ಉಜ್ಜಿಕೊಳ್ಳಿ. ಗಂಡಸರು ಟೋಪಿ ತೆಗೆಯಬೇಕು. ನೆಲದ ಗೋರಿಕಲ್ಲುಗಳ ಮೇಲೆ ನಡೆಯದೆ ವಿಧಿಯಿಲ್ಲ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮಂಡಿಯೂರಲು ಇಟ್ಟ ಕಸೂತಿ ದಿಂಬುಗಳನ್ನು ತುಳಿಯಬೇಡಿ, ಊರ ಹೆಂಗಸರು ಕೈಯಾರೆ ಹೊಲಿದದ್ದು.

ಆರಾಧನೆಗೆ ಯಾರೂ ಕೂರಬಹುದು. ರೊಟ್ಟಿ, ದ್ರಾಕ್ಷಾರಸ ಕೊಡುವ ಹೊತ್ತಿಗೆ ಕೂತಲ್ಲೇ ಇದ್ದರೆ ಸಾಕು. ನಡುವೆ ಎದ್ದು ಫೋಟೊ ತೆಗೆಯುವುದು, ಗೋರಿ ನೋಡುತ್ತ ತಿರುಗುವುದು ಸಲ್ಲ. ಬರೀ ನೋಡಲು ಹೋಗುವವರು ಭಾನುವಾರ ಬೆಳಿಗ್ಗೆ ಬಿಟ್ಟುಬಿಡಿ.

ನಾವು ಮೊಟ್ಟೆಯೂ ಮುಟ್ಟದವರು. ಇಡೀ ದಿನ ಅಲ್ಲಿ ಉಪವಾಸವೇ? ಊರಿಂದ ಏನು ಕಟ್ಟಿಕೊಂಡು ಹೋಗಬಹುದು?
— ರಥಬೀದಿಯ ಓದುಗರು, ಉಡುಪಿ

ಉಪವಾಸ ಬೇಡ. ದೊಡ್ಡ ಮನೆಗಳಲ್ಲಿ ಹಳೆಯ ಕುದುರೆ ಲಾಯವನ್ನೇ ಚಹಾದಂಗಡಿ ಮಾಡಿರುವುದು ಹೆಚ್ಚು. ಆದರೆ ಅಲ್ಲಿನ 'ವೆಜಿಟೇರಿಯನ್' ಎಂಬ ಮಾತಿಗೆ ಮೊಟ್ಟೆ ಸೇರಿದೆ. ನೀವು ಕೇಳಬೇಕಾದ್ದು 'ವೀಗನ್'. ಅದರಲ್ಲಿ ಹಾಲೂ ಇರುವುದಿಲ್ಲ, ಅಷ್ಟು ಬಿಟ್ಟುಕೊಟ್ಟರೆ ನಿಶ್ಚಿಂತೆ. ಸಿಪ್ಪೆಸಹಿತ ಬೇಯಿಸಿದ ಇಡೀ ಆಲೂಗಡ್ಡೆಗೆ ಬೆಣ್ಣೆ ಅಥವಾ ಬೀನ್ಸ್ ಹಾಕಿ ಕೊಡುವ ಜಾಕೆಟ್ ಪೊಟೇಟೊ ಎಲ್ಲ ಕಡೆ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಸೂಪಿನಲ್ಲಿ ಈರುಳ್ಳಿ ಇಲ್ಲದಿರುವುದು ಅಪರೂಪ. ಹೆಸರುವಾಸಿ ಸ್ಕೋನ್‌ನ ಮೇಲ್ಮೈ ಹೊಳೆಯಲೆಂದು ಮೊಟ್ಟೆ ಸವರುವುದುಂಟು, ಕೇಳಿಯೇ ತಿನ್ನಿ. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ವೂಸ್ಟರ್ ಸಾಸ್‌ನಲ್ಲಿ ಮೀನು ಇದೆ.

ಒಂದು ಉಪಾಯ. ಅಲ್ಲಿನ ಕಾನೂನಿನಂತೆ ಪ್ರತಿ ತಿಂಡಿಯಲ್ಲೂ 14 ಬಗೆಯ ಅಲರ್ಜಿ ವಸ್ತುಗಳಲ್ಲಿ ಯಾವುದಿದೆ ಎಂದು ಅಂಗಡಿಯವರು ಹೇಳಲೇಬೇಕು. ಮೊಟ್ಟೆ, ಮೀನು, ಹಾಲು ಮೂರೂ ಆ ಪಟ್ಟಿಯಲ್ಲಿವೆ. ಅಲರ್ಜಿ ಪಟ್ಟಿ ತೋರಿಸಿ ಎಂದರೆ ಕಡತ ತಂದುಕೊಡುತ್ತಾರೆ. ಮಾಂಸ ಆ ಪಟ್ಟಿಯಲ್ಲಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು.

ಊರಿಂದ ಚಟ್ನಿಪುಡಿ, ಉಪ್ಪಿನಕಾಯಿ, ಹುರಿದ ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಯಾವ ಸಿಹಿಯೂ ಬೇಡ. ಭಾರತದಿಂದ ಹಾಲಿನ, ಮಾಂಸದ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ. ಉದ್ಯಾನದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಮನೆಯೊಳಗೆ ನೀರನ್ನು ಬಿಟ್ಟು ಬೇರೇನೂ ಇಲ್ಲ.

ಟಿಕೆಟ್ ತುಂಬಾ ದುಬಾರಿಯಂತೆ ಮಾರಾಯ್ರೇ. ಕಡಿಮೆ ಮಾಡುವ ದಾರಿ ಇದೆಯೇ? ಒಳಗೆ ತೋರಿಸುವವರಿಗೆ ಏನಾದರೂ ಕೊಡಬೇಕೇ?
— ಬಂಟ್ವಾಳದ ಓದುಗರು

ನಾಲ್ಕು ಜನಕ್ಕೆ ನಮ್ಮ ರೂಪಾಯಿ ಲೆಕ್ಕದಲ್ಲಿ ಬಿಸಿ ತಟ್ಟುವುದು ಹೌದು. ಮೂರು-ನಾಲ್ಕು ಮನೆ ನೋಡುವ ಯೋಚನೆ ಇದ್ದರೆ, ಹೊರದೇಶದವರಿಗೆಂದು ಸಂಸ್ಥೆಗಳು ಕೊಡುವ ನಿಗದಿತ ದಿನಗಳ ಪಾಸ್ ವಿಚಾರಿಸಿ. ನ್ಯಾಷನಲ್ ಟ್ರಸ್ಟ್ ಮತ್ತು ಇಂಗ್ಲಿಷ್ ಹೆರಿಟೇಜ್ ಬೇರೆ ಬೇರೆ, ಒಂದರ ಪಾಸ್ ಇನ್ನೊಂದಕ್ಕೆ ನಡೆಯುವುದಿಲ್ಲ. ಮಕ್ಕಳು ಅಲ್ಲೇ ಓದುತ್ತಿದ್ದರೆ ಅವರಿಗೆ ಎಳೆಯರ ಸದಸ್ಯತ್ವ ಅಗ್ಗ. ಸೆಪ್ಟೆಂಬರಿನಲ್ಲಿ ಹೆರಿಟೇಜ್ ಓಪನ್ ಡೇಸ್ ಎಂದು ಕೆಲ ದಿನ ಎಷ್ಟೋ ಕಟ್ಟಡಗಳು ಉಚಿತವಾಗಿ ತೆರೆಯುತ್ತವೆ, ಬೇರೆ ದಿನ ತೆರೆಯದ್ದೂ ಅದರಲ್ಲಿರುತ್ತವೆ.

ಕೌಂಟರಿನಲ್ಲಿ 'ಗಿಫ್ಟ್ ಏಡ್' ಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರು ಸ್ವಲ್ಪ ಹೆಚ್ಚು ಕೊಟ್ಟರೆ ಸಂಸ್ಥೆಗೆ ಸರಕಾರದಿಂದ ಪೌಂಡಿಗೆ 25 ಪೆನ್ಸ್ ಸಿಗುವ ಏರ್ಪಾಡು ಅದು. ನೀವು ಅಲ್ಲಿ ತೆರಿಗೆ ಕಟ್ಟುವವರಲ್ಲ, ಸಹಿ ಹಾಕುವಂತೆಯೂ ಇಲ್ಲ. ಫಲಕದಲ್ಲಿ ಎರಡು ದರ ಇದ್ದರೆ ಕಡಿಮೆಯದ್ದೇ ನಿಮ್ಮದು.

ಕೋಣೆಗಳಲ್ಲಿ ನಿಂತಿರುವವರು ಬಹುತೇಕ ಸ್ವಯಂಸೇವಕರು, ನಿವೃತ್ತರು. ಕಾಸು ಕೊಡಬೇಡಿ, ಮುಜುಗರ ಪಡುತ್ತಾರೆ. ಪ್ರಶ್ನೆ ಕೇಳಿ, ಅದೇ ಅವರಿಗೆ ಬೇಕಾದ್ದು. ಹಿಂದೆ ಹಾಗಿರಲಿಲ್ಲ ಬಿಡಿ. 18ನೇ ಶತಮಾನದಲ್ಲೇ ಕೆಡಲ್‌ಸ್ಟನ್ ನೋಡಲು ಜನ ಬರುತ್ತಿದ್ದರು, ಮುದ್ರಿತ ಪಟ್ಟಿ ಹಿಡಿದು ತೋರಿಸುತ್ತಿದ್ದ ಮನೆವಾರ್ತೆಯ ಗಾರ್ನೆಟ್ ಎಂಬಾಕೆಯ ಚಿತ್ರಪಟ ಈಗ ಅದೇ ಮನೆಯಲ್ಲಿದೆ. ಆಗಿನ ಕಾಲದಲ್ಲಿ ಹೀಗೆ ಮನೆ ತೋರಿಸುವವರ ಕೈಗೆ ಕಾಸು ಹಾಕುವುದು ವಾಡಿಕೆ.

ಟಿಪ್ಪುವಿನ ವಸ್ತುಗಳು ಯಾವ ಮನೆಯಲ್ಲಿವೆ? 1784ರ ಮಂಗಳೂರು ಒಪ್ಪಂದಕ್ಕೆ ಸಂಬಂಧಿಸಿದ ಜಾಗ ಏನಾದರೂ ಅಲ್ಲಿದೆಯೇ?
— ಬೋಳೂರಿನ ಓದುಗರು, ಮಂಗಳೂರು

ಸುಲ್ತಾನ್ ಬತ್ತೇರಿಯ ಪಕ್ಕದವರು ಕೇಳಬೇಕಾದ ಪ್ರಶ್ನೆಯೇ. ಟಿಪ್ಪುವಿನ ಡೇರೆ ಮತ್ತು ಸಿಂಹಾಸನದ ಒಂದು ಹುಲಿಮುಖ ಪೊವಿಸ್ ಕ್ಯಾಸಲ್‌ನಲ್ಲಿವೆ. ಇದು ಇಂಗ್ಲೆಂಡಿನ ಗಡಿ ದಾಟಿ ವೇಲ್ಸ್‌ನ ವೆಲ್ಶ್‌ಪೂಲ್ ಊರಿನ ಹತ್ತಿರ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್, ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್. ಸಂಗ್ರಹ ಆ ಕುಟುಂಬದ್ದು. ತಂದೆ ಕ್ಲೈವ್‌ನ ಗೋರಿ ಶ್ರಾಪ್‌ಶೈರ್‌ನ ಮೋರ್‌ಟನ್ ಸೇ ಎಂಬ ಪುಟ್ಟ ಊರ ಚರ್ಚಿನಲ್ಲಿದೆ. ಅಷ್ಟು ಸಂಪತ್ತು ತಂದವನಿಗೆ ಅಲ್ಲಿರುವುದು ಒಂದು ಹಿತ್ತಾಳೆ ಫಲಕ.

ಒಪ್ಪಂದದ ಕಾಲದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್. ಟಿಪ್ಪುವಿನ ಜೊತೆ ಸಂಧಿ ಮಾಡಿಕೊಂಡದ್ದು ಕಂಪನಿಯ ಮದರಾಸಿನವರು, ಹೇಸ್ಟಿಂಗ್ಸ್‌ಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಆತನ ಮನೆ ಡೇಲ್ಸ್‌ಫರ್ಡ್ ಖಾಸಗಿ, ನೋಡಲು ಬಿಡುವುದಿಲ್ಲ. 1818ರಲ್ಲಿ ತೀರಿಕೊಂಡ ಆತನ ಸಮಾಧಿ ಅಲ್ಲಿನ ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲಿದೆ. ಹತ್ತಿರದ ರೈಲು ನಿಲ್ದಾಣ ಕಿಂಗಮ್, ಲಂಡನ್ ಪ್ಯಾಡಿಂಗ್ಟನ್‌ನಿಂದ ನೇರ ರೈಲು. ಮುಂದಿನ ನಿಲ್ದಾಣ ಮೋರ್‌ಟನ್-ಇನ್-ಮಾರ್ಷ್‌ನಲ್ಲಿಳಿದರೆ ಸೆಜಿನ್‌ಕೋಟ್. ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್ ಎಂಬವರ, ಮೊಗಲ್ ಗುಮ್ಮಟದ ಮನೆ. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ಬಸವ! ಬಾಗಿಲು ತೆರೆಯುವ ದಿನ ಕಡಿಮೆ, ನೋಡಿ ಹೋಗಿ. ಮೂರೂ ಸೇರಿಸಿ ಒಂದೇ ದಿನಕ್ಕೆ ತುರುಕಬೇಡಿ. ಕ್ಲೈವ್ ಒಂದು ದಿನ, ಹೇಸ್ಟಿಂಗ್ಸ್ ಮತ್ತು ಸೆಜಿನ್‌ಕೋಟ್ ಇನ್ನೊಂದು ದಿನ.

ತೋಟದಲ್ಲಿ ಹಾಕಿರುವ ಜಿ-9 ಬಾಳೆ ಒಬ್ಬ ಇಂಗ್ಲಿಷ್ ಡ್ಯೂಕನ ಮನೆಯಲ್ಲಿ ಹುಟ್ಟಿದ್ದು ಎನ್ನುತ್ತಾರೆ. ನಿಜವೇ?
— ಕಾರ್ಕಳದ ಕೃಷಿಕರು

ಹುಟ್ಟಿದ್ದಲ್ಲ, ಹೆಸರು ಬಂದದ್ದು. ಜಿ-9 ಸೇರಿರುವ ಬಾಳೆಯ ಗುಂಪಿಗೆ ಕ್ಯಾವೆಂಡಿಷ್ ಎಂದು ಹೆಸರು. ಅದು ಚಾಟ್ಸ್‌ವರ್ತ್‌ನ ಡ್ಯೂಕರ ಮನೆತನದ ಹೆಸರು. 1830ರ ದಶಕದಲ್ಲಿ ಅಲ್ಲಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ಮಾರಿಷಸ್ ಕಡೆಯಿಂದ ಬಂದ ಗಿಡ್ಡ ಬಾಳೆಯನ್ನು ಬೆಚ್ಚಗಿನ ಗಾಜಿನ ಮನೆಯಲ್ಲಿ ಬೆಳೆಸಿ ಗೊನೆ ಬಿಡಿಸಿದರು. ಅವರು ಕಟ್ಟಿದ ಭಾರಿ ಗಾಜಿನ ಮನೆ ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲದೆ ಗಿಡಗಳು ಸತ್ತು, 1920ರಲ್ಲಿ ಕೆಡವಿದರು. ಪ್ಯಾಕ್ಸ್‌ಟನ್ ಗೋರಿ ಎಸ್ಟೇಟಿನೊಳಗಿನ ಎಡೆನ್ಸರ್ ಹಳ್ಳಿಯ ಚರ್ಚಿನ ಅಂಗಳದಲ್ಲಿದೆ, ಬಂಗಲೆಯಿಂದ ಹುಲ್ಲುಗಾವಲಿನ ನಡುವೆ ಇಪ್ಪತ್ತು ನಿಮಿಷದ ನಡಿಗೆ. ಡ್ಯೂಕರ ಮನೆತನದವರೂ ಅದೇ ಅಂಗಳದಲ್ಲಿದ್ದಾರೆ.

ಒಳಗೆ ಕರ್ಟನ್ ಎಳೆದು ಕತ್ತಲೆ ಮಾಡಿರುತ್ತಾರೆ, ಫೋಟೊ ಸರಿಯಾಗಿ ಬರುವುದಿಲ್ಲ ಎಂದು ಹೋಗಿ ಬಂದವರ ದೂರು. ಯಾಕೆ ಹಾಗೆ?
— ಕುಂದಾಪುರದ ಓದುಗರು

ಬೆಳಕು ಬಟ್ಟೆಯ ಬಣ್ಣ ತಿನ್ನುತ್ತದೆ, ನೂಲನ್ನು ಪುಡಿ ಮಾಡುತ್ತದೆ, ಒಮ್ಮೆ ಹೋದದ್ದು ಮರಳುವುದಿಲ್ಲ. ರೇಷ್ಮೆ, ಕಸೂತಿ, ಜಲವರ್ಣ ಇರುವ ಕೋಣೆಗೆ 50 ಲಕ್ಸ್ (ಬೆಳಕಿನ ಅಳತೆ) ಮಿತಿ. ನಮ್ಮ ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಹತ್ತಿರ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಫ್ಲ್ಯಾಶ್, ಸೆಲ್ಫಿ ಕೋಲು ಎರಡೂ ಇಲ್ಲ. ಬೆನ್ನಿನ ಚೀಲ ಎದೆಗೆ ತಿರುಗಿಸಿ ಹಾಕಿಸುತ್ತಾರೆ ಅಥವಾ ಲಾಕರಿನಲ್ಲಿಡಿಸುತ್ತಾರೆ, ಹಿಂದೆ ತಿರುಗಿದಾಗ ಪಿಂಗಾಣಿ ಬೀಳುತ್ತದೆಂದು. ಚೂಪು ಹಿಮ್ಮಡಿಯ ಚಪ್ಪಲಿಗೂ ತಡೆ: ಇಡೀ ಮೈಭಾರ ಬೆರಳಗಲದಲ್ಲಿ ಬಿದ್ದು ಮರದ ನೆಲಕ್ಕೆ ಗುಳಿ ಬೀಳುತ್ತದೆ.

ಅಮ್ಮನಿಗೆ 74, ಮೊಣಕಾಲು ನೋವು. ಕರೆದುಕೊಂಡು ಹೋಗಬಹುದೇ?
— ಸುರತ್ಕಲ್‌ನ ಓದುಗರು

ಕರೆದೊಯ್ಯಿರಿ, ಆದರೆ ಮೊದಲೇ ಫೋನ್ ಮಾಡಿ. ಕಾರ್ ಪಾರ್ಕ್‌ನಿಂದ ಮನೆಗೆ ಅರ್ಧ ಕಿ.ಮೀ. ಜಲ್ಲಿ ದಾರಿ ಇರುವುದು ಸಾಮಾನ್ಯ. ದೊಡ್ಡ ಜಾಗಗಳಲ್ಲಿ ಬ್ಯಾಟರಿ ಬಗ್ಗಿ, ಎರವಲು ಗಾಲಿಕುರ್ಚಿ ಇರುತ್ತವೆ, ಕಾದಿರಿಸಬೇಕು. ನ್ಯಾಷನಲ್ ಟ್ರಸ್ಟ್ ಜಾಗಗಳಲ್ಲಿ ಅಂಗವೈಕಲ್ಯ ಇರುವವರ ಜೊತೆಗೆ ನೆರವಿಗೆ ಬರುವವರಿಗೆ ಟಿಕೆಟ್ ಇಲ್ಲ. ಬೆಂಕಿ ಅನಾಹುತವಾದರೆ ಇಳಿಸುವುದು ಕಷ್ಟವೆಂದು ಮಹಡಿಗೆ ಗಾಲಿಕುರ್ಚಿ ಬಿಡದ ಮನೆಗಳೂ ಇವೆ.

ಕೋಣೆಗಳಲ್ಲಿ ಕೂರಲು ಹೋಗುವ ಮೊದಲು ಕುರ್ಚಿ ನೋಡಿ. ಪೈನ್ ಕಾಯಿಯೋ ಮುಳ್ಳು ಮುಳ್ಳಾದ ಒಣಹೂವೋ ಇಟ್ಟಿದ್ದರೆ ಅದು ಪ್ರದರ್ಶನದ್ದು. ಕೂರಬಹುದಾದ ಕುರ್ಚಿ ಯಾವುದೆಂದು ಅಲ್ಲಿ ನಿಂತವರನ್ನು ಕೇಳಿದರೆ ತೋರಿಸುತ್ತಾರೆ. ಚರ್ಚಿನಲ್ಲಿ ಕೂರಲು ಬೆಂಚು ಬೇಕಾದಷ್ಟಿವೆ, ಅಪಾಯ ಇರುವುದು ಬಾಗಿಲಲ್ಲಿ. ಹೊರಗಿನ ಅಂಗಳ ಶತಮಾನಗಳಿಂದ ಗೋರಿ ತೋಡಿ ತೋಡಿ ಏರಿರುವುದರಿಂದ ಎಷ್ಟೋ ಹಳೆಯ ಚರ್ಚುಗಳಲ್ಲಿ ಹೊಸ್ತಿಲಿನ ಒಳಗೇ ಒಂದೆರಡು ಮೆಟ್ಟಿಲು ಇಳಿಯಬೇಕು. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಅದು ಕಾಣುವುದಿಲ್ಲ. ಅಮ್ಮನ ಮುಂದೆ ನೀವು ಇಳಿದು ಕೈ ಕೊಡಿ.